ಪರದೇಶದ ಪೇಟೆಯಲ್ಲಿ ಕಲಿತ ಪಾಠ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ಹಿರಿಯರ ಮಾತು. ಕೋಶ ಓದುವುದಕ್ಕೆ ನಮ್ಮ ಕಾಲೇಜಿನ ಗ್ರಂಥಾಲಯವಿದೆ. ಪರದೇಶ ಸುತ್ತುವ ಯೋಗ ಮಾತ್ರ ನನ್ನಂಥವನಿಗೆ ಬರುವುದೆಂದು ನಾನೆಂದೂ ಎಣಿಸಿರಲಿಲ್ಲ. ಜೆ.ಪಿ. ನಗರದ ನಮ್ಮ ಬೀದಿಯ ವೃದ್ಧರೊಬ್ಬರು ೨೦೨೪ರ ಬೇಸಗೆ ರಜೆಯಲ್ಲಿ ಸಿಂಗಪುರದ ಮಗನ ಮನೆಗೆ ಹೊರಟಾಗ, ಜೊತೆಗಿರಲೆಂದು ನನ್ನನ್ನು ಕರೆದೊಯ್ದರು. ಟಿಕೆಟಿನ ವೆಚ್ಚ ಅವರದೇ. ನಮ್ಮ ವಂಶದಲ್ಲಿ ಪಾಸ್‌ಪೋರ್ಟ್ ಮಾಡಿಸಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಬುದ್ಧಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಸಹಪಾಠಿಗಳಲ್ಲಿ ಅನೇಕರ ಸ್ಥಿತಿಯೂ ಇದೇ ಆದುದರಿಂದ, ಕಂಡುಂಡ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಹೆಸರಿನ ವಿಚಾರ. ನಮ್ಮ ಅಂಕಪಟ್ಟಿಗಳಲ್ಲಿ ಹೆಸರಿನೊಡನೆ ಇನಿಷಿಯಲ್ ಇರುವುದು ವಾಡಿಕೆ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕಾಗುತ್ತದೆ. ಟಿಕೆಟಿನಲ್ಲೂ ವೀಸಾದಲ್ಲೂ ಅದೇ ಹೆಸರು ಅಕ್ಷರಶಃ ಇರತಕ್ಕದ್ದು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಸಿಂಗಪುರ ತಲುಪುವ ಮೂರು ದಿನದೊಳಗೆ ಆಗಮನದ ವಿವರವನ್ನು ಅಂತರಜಾಲದಲ್ಲಿ ತುಂಬಬೇಕು. ಇದು ಉಚಿತ, ಇದಕ್ಕೆ ಹಣ ಕೇಳುವವರನ್ನು ನಂಬಲಾಗದು.

ಇನ್ನು ಪೇಟೆಯ ಪ್ರಸಂಗ. ನನ್ನ ತಾಯಿ ರವಿಕೆ ಹೊಲಿದು ಸಂಸಾರ ತೂಗಿಸುವವರು. ಚೀಟಿ ಹಣದಲ್ಲಿ ಆರು ಸಾವಿರ ರೂಪಾಯಿ ಕೊಟ್ಟು, "ಒಂದು ಒಳ್ಳೆ ಫಾರಿನ್ ಇಸ್ತ್ರಿ ಪೆಟ್ಟಿಗೆ ತಗೊಂಡ್ ಬಾಪ್ಪ" ಎಂದಿದ್ದರು. ಲಿಟ್ಲ್ ಇಂಡಿಯಾ ಪೇಟೆಯ ಬೆಡಗಿಗೆ ಮರುಳಾಗಿ ಎಪ್ಪತ್ತು ಡಾಲರಿಗೆ ಒಂದನ್ನು ಕೊಂಡೆ. ಹಣ ಕೊಡುವಾಗ ಕಾರ್ಡಿನ ಯಂತ್ರ, ಡಾಲರೋ ರೂಪಾಯಿಯೋ ಎಂದು ಕೇಳಿತು. ರೂಪಾಯಿ ನಮ್ಮದಲ್ಲವೇ ಎಂದು ಅದನ್ನೇ ಒತ್ತಿದೆ. ಹಾಗೆ ಒತ್ತಿದರೆ ವಿನಿಮಯದ ದರವನ್ನು ನಮ್ಮ ಬ್ಯಾಂಕಿನ ಬದಲು ಅಂಗಡಿಯ ಕಡೆಯವರು ಕಟ್ಟುತ್ತಾರೆ. ಅದು ಸಾಮಾನ್ಯವಾಗಿ ದುಬಾರಿ. ಹೀಗೆ ಹೆಚ್ಚಾಗಿ ಹೋದ ಹಣ ಸುಮಾರು ಇನ್ನೂರೈವತ್ತು ರೂಪಾಯಿ. ಅದು ತಾಯಿಯ ಒಂದು ರವಿಕೆಯ ಕೂಲಿ! ಯಾವ ದೇಶವೇ ಆಗಲಿ, ಆಯಾ ದೇಶದ ನಾಣ್ಯವನ್ನೇ ಆರಿಸುವುದು ಲೇಸು.

ಸಿಂಗಪುರದ ಜಿ.ಎಸ್.ಟಿ. ತೆರಿಗೆ ೨೦೨೪ರ ಜನವರಿಯಿಂದ ಶೇಕಡಾ ೯. ಪ್ರವಾಸಿಗರು ಸರಕನ್ನು ವಿಮಾನದಲ್ಲಿ ಹೊರಗೆ ಒಯ್ದರೆ, ಈ ಯೋಜನೆಗೆ ಸೇರಿದ ಅಂಗಡಿಗಳಲ್ಲಿ ಕೊಟ್ಟ ತೆರಿಗೆಯ ಬಹುಪಾಲನ್ನು ಹಿಂದಕ್ಕೆ ಪಡೆಯಬಹುದು. ಆದರೆ ಖರೀದಿ ನೂರು ಡಾಲರಿಗೆ ಕಡಿಮೆಯಿರಕೂಡದು. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ಒಂದೇ ಅಂಗಡಿಯ ಒಂದೇ ದಿನದ ಮೂರು ರಸೀದಿಗಳವರೆಗೆ ಕೂಡಿಸಬಹುದು. ನನ್ನ ಎಪ್ಪತ್ತು ಡಾಲರಿನ ರಸೀದಿಗೆ ಆ ಭಾಗ್ಯವಿರಲಿಲ್ಲ.

ಮನೆಗೆ ತಂದಮೇಲೆ ಮತ್ತೊಂದು ಫಜೀತಿ. ಅಲ್ಲಿಯ ವಿದ್ಯುತ್ತೂ ನಮ್ಮಂತೆಯೇ ೨೩೦ ವೋಲ್ಟ್. ಆದರೆ ಪ್ಲಗ್ಗಿನ ಮೂರು ಕಡ್ಡಿಗಳು ಚಪ್ಪಟೆ, ನಮ್ಮವು ದುಂಡು. ಅಡಾಪ್ಟರಿಗಾಗಿ ಎಸ್.ಪಿ. ರಸ್ತೆಗೆ ಅಲೆದೆ. ಗ್ಯಾರಂಟಿ ಇಲ್ಲಿ ಸಲ್ಲದೆಂದೂ ತಿಳಿಯಿತು. ಎಲ್ಲಕ್ಕಿಂತ ನೋವಾದದ್ದು, ಅದೇ ಮಾದರಿ ಜಯನಗರ ೪ನೆಯ ಬ್ಲಾಕಿನಲ್ಲಿ ಅದಕ್ಕಿಂತ ಅಗ್ಗವಾಗಿ ಸಿಗುವುದನ್ನು ಕಂಡಾಗ! ೧೯೯೧ಕ್ಕೆ ಮೊದಲು ಆಮದಿಗೆ ಬಿಗಿ ನಿರ್ಬಂಧವಿದ್ದುದರಿಂದ ಪರದೇಶದ ಸಾಮಾನೆಂದರೆ ಅಪರೂಪವಾಗಿತ್ತು. ಉದಾರೀಕರಣದ ನಂತರ ಕ್ರಮೇಣ ಅವೇ ಸರಕುಗಳು ನಮ್ಮ ಬೀದಿಗೇ ಬಂದವು. ಕಾಲ ಬದಲಾದರೂ ಹಳೆಯ ಭ್ರಮೆ ನಮ್ಮ ಮನೆಗಳಲ್ಲಿ ಉಳಿದುಬಂದಿದೆ. ಆದಕಾರಣ ಹೊರಡುವ ಮುನ್ನ ಇಲ್ಲಿಯ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಜಾಣತನ.

ಲೆಕ್ಕವೆಲ್ಲವನ್ನೂ ತಾಯಿಗೆ ಒಪ್ಪಿಸಿದಾಗ ಅವರು ಬೈಯಲಿಲ್ಲ. "ಅಲ್ಲಿ ಏನೇನ್ ನೋಡ್ದೆ, ಅದನ್ ಹೇಳು" ಎಂದರು. ತಮಿಳು ಅಲ್ಲಿ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದೆಂಬುದನ್ನೂ, ರೈಲು ನಿಲ್ದಾಣದ ಹಲಗೆಗಳಲ್ಲಿ ಅದನ್ನು ಕಂಡುದನ್ನೂ, ನಮ್ಮ ಬೀದಿಯಲ್ಲಿ ಕಲಿತ ಮುರುಕು ತಮಿಳು ಅಲ್ಲಿ ಕೆಲಸಕ್ಕೆ ಬಂದುದನ್ನೂ ಹೇಳಿದೆ. ಹೊಲಿಗೆ ನಿಲ್ಲಿಸಿ ಕೇಳಿದರು. ಕೊಂಡು ತಂದ ವಸ್ತುವಿಗಿಂತ ಕಂಡು ತಂದ ಸುದ್ದಿ ನಮ್ಮ ಮನೆಗೆ ಹೆಚ್ಚು ಬೆಲೆಯದಾಯಿತು. ಮುಂದೆ ಹೋಗುವ ಮಿತ್ರರು ನನ್ನಂತೆ ಏಮಾರದಿದ್ದರೆ ಈ ಬರಹ ಸಾರ್ಥಕ.