ಶೀತಲ ಸಮರ ನಮ್ಮ ಸೀಮೆಯ ಮಾತಲ್ಲವೇ? ಐದು ತಪ್ಪು ಕಲ್ಪನೆ, ಐದು ಸತ್ಯ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲು ಮಾರ್ಗದಲ್ಲಿ ಗಾದಿಗನೂರು ಸಿಗುತ್ತದೆ. ದಕ್ಷಿಣಕ್ಕೆ ಸಂಡೂರಿನ ಗುಡ್ಡಸಾಲು, ಹಳಿಯ ಮೇಲೆ ಅದಿರು ತುಂಬಿದ ಗೂಡ್ಸ್ ಗಾಡಿ, ಗಿಡಮರಗಳ ಮೇಲೆ ಕೆಂಪು ಧೂಳು. ಇಲ್ಲಿ ಅದಿರಿನ ಮಾತೆತ್ತಿದರೆ ಲಾರಿ, ಕೂಲಿ, ಬೆಲೆ, ಅಕ್ರಮ ಗಣಿಗಾರಿಕೆ ಎಲ್ಲವೂ ಬಂದುಹೋಗುತ್ತವೆ. ಎರಡನೇ ಮಹಾಯುದ್ಧದ ನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನಾಲ್ಕು ದಶಕ ಅಣ್ವಸ್ತ್ರ ಹಿಡಿದು ಎದುರುಬದುರು ನಿಂತ ಕಥೆ ಮಾತ್ರ ಬರುವುದಿಲ್ಲ. ಪರೀಕ್ಷೆಗೆಂದು ಓದಿ ಅದನ್ನು ಅಲ್ಲಿಗೇ ಬಿಟ್ಟಿದ್ದೇವೆ. ಹಾಗೆ ಬಿಟ್ಟ ಜಾಗದಲ್ಲಿ ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಆ ಪೈಪೋಟಿಗೂ ಸಂಡೂರಿನ ಮಣ್ಣಿಗೂ ಸಂಬಂಧವಿಲ್ಲ. ಅಣ್ವಸ್ತ್ರ ದೇಶಗಳಿಗೆ ಬೇಕಿದ್ದದ್ದು ಯುರೇನಿಯಂ.

ಸತ್ಯ: ಯುರೇನಿಯಂ ಬಾಂಬಿಗೆ ಸಾಕು. ಅದನ್ನು ಹೊರುವ ಹಡಗು, ಟ್ಯಾಂಕು, ರೈಲು, ಸೇತುವೆ ಎಲ್ಲಕ್ಕೂ ಉಕ್ಕು ಬೇಕು. ಮ್ಯಾಂಗನೀಸ್ ಇಲ್ಲದೆ ಒಳ್ಳೆಯ ಉಕ್ಕಿಲ್ಲ. ಕಬ್ಬಿಣದಲ್ಲಿ ಉಳಿದ ಗಂಧಕ ಅದರ ಕಣಕಣಗಳ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಕಾದ ಉಕ್ಕನ್ನು ರೋಲರ್‌ಗೆ ಕೊಟ್ಟಾಗ ಆ ಸಂದಿ ಕರಗಿ ಬಿಟ್ಟುಕೊಳ್ಳುತ್ತದೆ, ಉಕ್ಕು ಬಿರಿಯುತ್ತದೆ. ಮ್ಯಾಂಗನೀಸ್ ಹಾಕಿದರೆ ಅದು ಗಂಧಕವನ್ನು ತನ್ನ ಕಡೆಗೆ ಎಳೆದುಕೊಂಡು ಉಕ್ಕನ್ನು ಉಳಿಸುತ್ತದೆ. ಆ ಕಾಲದ ಲೆಕ್ಕದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 6–7 ಕಿಲೋ ಮ್ಯಾಂಗನೀಸ್ ಬೇಕಾಗುತ್ತಿತ್ತು.

ಅಮೆರಿಕದಲ್ಲಿ ಒಳ್ಳೆಯ ದರ್ಜೆಯ ಮ್ಯಾಂಗನೀಸ್ ಅದಿರು ತೀರಾ ಕಡಿಮೆ. ಅದು ಸೋವಿಯತ್ ಒಕ್ಕೂಟದಿಂದಲೂ ತರಿಸಿಕೊಳ್ಳುತ್ತಿತ್ತು. 1948ರಲ್ಲಿ ಸೋವಿಯತ್ ಪಡೆಗಳ ಬರ್ಲಿನ್ ದಿಗ್ಬಂಧನ ಶುರುವಾಯಿತು, ಅಮೆರಿಕ ಸೋವಿಯತ್ತಿಗೆ ಹೋಗುವ ಸರಕಿನ ಮೇಲೆ ಹಿಡಿತ ಬಿಗಿಮಾಡಿತು. ಪ್ರತಿಯಾಗಿ ಮಾಸ್ಕೊ ಮ್ಯಾಂಗನೀಸಿನ ರಫ್ತನ್ನು ಇಳಿಸುತ್ತ ಬಂತು. ಆಗ ಅಮೆರಿಕದ ಖರೀದಿದಾರರು ಭಾರತದ ಕಡೆ ತಿರುಗಿದರು. ದೇಶದ ದೊಡ್ಡ ಗಣಿಗಳು ಬಾಲಾಘಾಟ್, ನಾಗಪುರ, ಭಂಡಾರದ ಕಡೆ ಇದ್ದವು. ಸಂಡೂರು ಕೂಡ ಹೆಸರಾದ ಮ್ಯಾಂಗನೀಸ್ ನೆಲವೇ. ಮುಟ್ಟಿದರೆ ಬೆರಳಿಗೆ ಮಸಿಯಂತೆ ಹತ್ತುವ ಕಪ್ಪು ಅದಿರು ಅಲ್ಲಿನ ದೇವಗಿರಿ ಗುಡ್ಡಗಳಲ್ಲಿದೆ. ಸಂಡೂರು ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1949ರಲ್ಲಿ, ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿದ್ದು 1954ರಲ್ಲಿ. ಎರಡೂ ಬೇಡಿಕೆ ಏರಿದ ಆ ವರ್ಷಗಳವೇ.

ತಪ್ಪು ಕಲ್ಪನೆ 2: ಅಮೆರಿಕ ಗೋಧಿ ಕೊಟ್ಟದ್ದು ಬರೀ ಕರುಣೆಯಿಂದ.

ಸತ್ಯ: ಕರುಣೆ ಇತ್ತು, ಲೆಕ್ಕಾಚಾರವೂ ಇತ್ತು. 1950ರ ಕೊನೆಗೆ ಭಾರತ 20 ಲಕ್ಷ ಟನ್ ಆಹಾರಧಾನ್ಯ ಕೇಳಿತು. ಕೊರಿಯಾ ಯುದ್ಧದ ವಿಷಯದಲ್ಲಿ ನೆಹರೂ ತಮ್ಮ ಮಾತು ಕೇಳುತ್ತಿಲ್ಲವೆಂಬ ಸಿಟ್ಟಿನಲ್ಲಿ ಅಮೆರಿಕದ ಸಂಸತ್ತು ತಿಂಗಳುಗಟ್ಟಲೆ ಎಳೆದಾಡಿತು. ಧಾನ್ಯಕ್ಕೆ ಬದಲಾಗಿ ಖನಿಜ ಕೊಡಲಿ ಎಂಬ ಮಾತು ಅಲ್ಲಿ ಎದ್ದಿತು. ಅಣುಶಕ್ತಿಗೆ ಬೇಕಾದ, ತಿರುವಾಂಕೂರು ಕಡಲತೀರದ ಮೊನಜೈಟ್ ಮರಳನ್ನು ಕೊಡುವುದಿಲ್ಲವೆಂದು ನೆಹರೂ ಪಟ್ಟು ಹಿಡಿದರು. ಅಷ್ಟರಲ್ಲಿ ಸೋವಿಯತ್ ಒಕ್ಕೂಟ 50,000 ಟನ್ ಗೋಧಿ ಕಳಿಸಿತು. 1951ರ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ 19 ಕೋಟಿ ಡಾಲರ್ ಸಾಲದ ಕಾಯ್ದೆಗೆ ಸಹಿ ಹಾಕಿದರು. ಹಸಿದವರ ಊಟವೂ ಎರಡು ಬಣಗಳ ಪೈಪೋಟಿಯ ಕಣವಾಗಿತ್ತು.

ತಪ್ಪು ಕಲ್ಪನೆ 3: ಶೀತಲ ಸಮರದಲ್ಲಿ ರಕ್ತ ಹರಿಯಲಿಲ್ಲ. ಅಲಿಪ್ತ ಭಾರತ ಕೈಕಟ್ಟಿ ಕೂತಿತ್ತು.

ಸತ್ಯ: ಎರಡು ದೊಡ್ಡ ರಾಷ್ಟ್ರಗಳು ನೇರವಾಗಿ ಯುದ್ಧ ಸಾರಲಿಲ್ಲ, ಆದರೆ ಕೊರಿಯಾ, ವಿಯೆಟ್ನಾಂ, ಅಂಗೋಲ, ಅಫ್ಘಾನಿಸ್ತಾನದ ಜನ ಲಕ್ಷಗಟ್ಟಲೆ ಸತ್ತರು. ಕೊರಿಯಾದ ಗಾಯ ಕಟ್ಟಲು ಹೋದವರಲ್ಲಿ ಮುಂದಾಳು ನಮ್ಮ ಕೊಡಗಿನವರು. 1953ರ ಜುಲೈ 27ರಂದು ಕದನವಿರಾಮವಾದಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಹಾಗೂ ಉತ್ತರ ಕೊರಿಯಾದ ಕೈದಿಗಳ ಹೊಣೆ ಹೊತ್ತದ್ದು ತಟಸ್ಥ ರಾಷ್ಟ್ರಗಳ ಆಯೋಗ. ಅದರ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಸೇನಾನಿ ಕೊಡಂದೇರ ತಿಮ್ಮಯ್ಯ. ಕೈದಿಗಳನ್ನು ಕಾಯಲು ಭಾರತದ ಸೇನೆ ಹೋಯಿತು. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದದ್ದರಿಂದ, ಹಡಗಿನಿಂದಲೇ ಹೆಲಿಕಾಪ್ಟರ್‌ನಲ್ಲಿ ಅವರನ್ನು ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಶಿಬಿರದೊಳಗೆ ಗಲಭೆ, ಹೊರಗೆ ಎರಡೂ ಕಡೆಯ ದೂರು. ಅದರ ನಡುವೆ ಕೈದಿಯ ಇಚ್ಛೆಗೆ ಬೆಲೆ ಸಿಗಬೇಕೆಂದು ತಿಮ್ಮಯ್ಯ ತಿಂಗಳುಗಟ್ಟಲೆ ದುಡಿದರು. ಅಲಿಪ್ತತೆ ಎಂದರೆ ಇಂಥ ಕಷ್ಟದ ಕೆಲಸ. ಎರಡೂ ಕಡೆಯವರು ನಂಬಿ ಕೈದಿಗಳನ್ನು ಒಪ್ಪಿಸಬಹುದಾದ ದೇಶ ಒಂದು ಬೇಕಿತ್ತು, ಭಾರತ ಆ ಜಾಗದಲ್ಲಿ ನಿಂತಿತು.

ತಪ್ಪು ಕಲ್ಪನೆ 4: 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಗದರಿಸಿದರು, ಸೋವಿಯತ್ ನಾಯಕ ಕ್ರುಶ್ಚೇವ್ ಹೆದರಿ ಕ್ಯೂಬಾದಿಂದ ತಮ್ಮ ಕ್ಷಿಪಣಿ ತೆಗೆದರು.

ಸತ್ಯ: ಇಬ್ಬರೂ ಹಿಂದೆ ಸರಿದರು. ತುರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುತ್ತೇವೆಂದು ಕೆನಡಿ ಗುಟ್ಟಾಗಿ ಮಾತು ಕೊಟ್ಟರು. 1963ರ ಏಪ್ರಿಲ್ ಹೊತ್ತಿಗೆ ತೆಗೆದೂ ಬಿಟ್ಟರು. ಆ ಗುಟ್ಟು ಹೊರಬೀಳಲು ವರ್ಷಗಳೇ ಹಿಡಿದವು. ಅಕ್ಟೋಬರ್ 27ರಂದು ಕ್ಯೂಬಾ ಬಳಿ ಅಮೆರಿಕದ ನೌಕೆಗಳು ಸೋವಿಯತ್ ಜಲಾಂತರ್ಗಾಮಿಯೊಂದನ್ನು ಸುತ್ತುವರಿದಿದ್ದವು. ಅದರಲ್ಲಿ ಅಣ್ವಸ್ತ್ರದ ಟಾರ್ಪೆಡೊ ಇತ್ತು. ನಾಯಕ ಅದನ್ನು ಹಾರಿಸಲು ಹೊರಟಾಗ ಅಲ್ಲಿದ್ದ ಅಧಿಕಾರಿ ವಾಸಿಲಿ ಅರ್ಖಿಪೊವ್ ತಡೆದರೆಂದು ಜೊತೆಗಿದ್ದವರು ಮುಂದೆ ಹೇಳಿದ್ದಾರೆ. ಜಗತ್ತು ಉಳಿದದ್ದು ಗುಡುಗಿದವರಿಂದಲ್ಲ, ಗುಂಡಿ ಒತ್ತದವರಿಂದ. ಅದೇ ತಿಂಗಳು, ಅಕ್ಟೋಬರ್ 20ರಂದು ಚೀನಾ ನಮ್ಮ ಗಡಿಯ ಮೇಲೆ ಬಿದ್ದಿತ್ತು ಎಂಬುದನ್ನು ನೆನೆದರೆ, ಆ ಬಿಕ್ಕಟ್ಟು ನಮ್ಮ ಪಾಲಿಗೂ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ತಪ್ಪು ಕಲ್ಪನೆ 5: 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ಅಪಾಯ ಅಲ್ಲಿಗೆ ಮುಗಿಯಿತು.

ಸತ್ಯ: 1986ರ ಸುಮಾರಿಗೆ ಜಗತ್ತಿನಲ್ಲಿ 70,000ದಷ್ಟು ಅಣು ಸಿಡಿತಲೆಗಳಿದ್ದವು, ಈಗ ಸುಮಾರು 12,000. ಈ ಇಳಿಕೆಗೆ ದಾರಿ ಮಾಡಿದ್ದು ಅಮೆರಿಕದ ರೇಗನ್ ಮತ್ತು ಸೋವಿಯತ್ ಒಕ್ಕೂಟದ ಗೋರ್ಬಚೆವ್ 1987ರಲ್ಲಿ ಸಹಿ ಹಾಕಿದ ಒಪ್ಪಂದದಂಥ ಮಾತುಕತೆಗಳು. ಆ ಒಪ್ಪಂದ 2019ರಲ್ಲಿ ಮುರಿದುಬಿತ್ತು. ಎರಡೂ ದೇಶಗಳ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ತನ್ನ ಪಾಲನ್ನು ರಷ್ಯಾ 2023ರಲ್ಲಿ ಅಮಾನತಿನಲ್ಲಿಟ್ಟಿತು. ಉಳಿದ 12,000ವೂ ಊರುಕೇರಿಗಳನ್ನು ಹೇಳಹೆಸರಿಲ್ಲದಂತೆ ಮಾಡಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು.

ಈ ಇತಿಹಾಸವನ್ನು ವಾಷಿಂಗ್ಟನ್, ಮಾಸ್ಕೊಗಳಿಗೆ ಬಿಟ್ಟುಕೊಟ್ಟರೆ ನಮಗೆ ಉಳಿಯುವುದು ನೋಡುಗರ ಪಾಲು. ಸಂಡೂರಿನ ಅದಿರು, ಕೊಡಗಿನ ಸೇನಾನಿ, ಬರಗಾಲದ ಗೋಧಿ ಎಲ್ಲವೂ ಅದರೊಳಗಿದ್ದವು. ಗಾದಿಗನೂರಿನ, ಕಂಪ್ಲಿಯ, ಹೊಸಪೇಟೆಯ ಶಾಲೆಗಳಲ್ಲಿ ಶೀತಲ ಸಮರದ ಪಾಠ ಬಂದಾಗ ಮಕ್ಕಳಿಗೆ ಭೂಪಟದಲ್ಲಿ ಬರ್ಲಿನ್ ತೋರಿಸುವ ಮೇಷ್ಟ್ರು ಸಂಡೂರಿನ ಗುಡ್ಡವನ್ನೂ ತೋರಿಸಲಿ. ತನ್ನೂರಿನ ಮಣ್ಣು ಯುದ್ಧದ ಲೆಕ್ಕಕ್ಕೆ ಸೇರಿತ್ತೆಂದು ತಿಳಿದ ಮಗು, ಮುಂದೆ ಮತದಾರನಾದಾಗ ಶಾಂತಿಯ ಒಪ್ಪಂದಗಳನ್ನು ಪರದೇಶದ ಸುದ್ದಿಯೆಂದು ಪುಟ ತಿರುಗಿಸುವುದಿಲ್ಲ.