ಮನೆಗೆ ಬಂದ ಇರುವೆ: ಸಾಲನ್ನಲ್ಲ, ಗೂಡನ್ನು ಹುಡುಕಿ



ಕಾಫಿ ಗಿಡದ ಮೇಲೆ ಇರುವೆ ಹರಿದರೆ ಹಿಟ್ಟುತಿಗಣೆ ಇದೆಯೇ ಎಂದು ಎಲೆ ಮಗುಚಿ ನೋಡುವ ನಾವು, ಅಡಿಗೆಮನೆಯಲ್ಲಿ ಇರುವೆ ಕಂಡರೆ ಮಾತ್ರ ಏನನ್ನೂ ವಿಚಾರಿಸದೆ ವಿಷದ ಡಬ್ಬಕ್ಕೆ ಕೈ ಹಾಕುತ್ತೇವೆ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ಹಿಂದಿನ ಮಳೆಗಾಲದಲ್ಲಿ ನಮ್ಮ ಬೆಲ್ಲದ ಡಬ್ಬಕ್ಕೆ ಸಣ್ಣ ಹಳದಿ ಇರುವೆ ಮುತ್ತಿತು. ತೋಟಕ್ಕೆ ತಂದು ಉಳಿದಿದ್ದ ಔಷಧಿಯನ್ನೇ ಸಿಂಪಡಿಸಿದೆ. ಮರುದಿನ ಒಂದೂ ಇರಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ದೇವರ ಕೋಣೆ, ಸ್ವಿಚ್ ಬೋರ್ಡು, ಮೊಮ್ಮಗುವಿನ ತೊಟ್ಟಿಲು, ಮೂರು ಕಡೆಯೂ ಇರುವೆ! ಬೆಕ್ಕು ಎರಡು ದಿನ ಅನ್ನ ಮುಟ್ಟಲಿಲ್ಲ. "ಔಷಧಿ ಹೊಡೆದದ್ದು ಇರುವೆಗೋ, ನಮಗೋ?" ಎಂದು ಮನೆಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಸುಮಾರು 2 ಮಿ.ಮೀ. ಉದ್ದದ ಈ ಫೇರೋ ಇರುವೆಯ ಗೂಡಿನಲ್ಲಿ ರಾಣಿಗಳು ಅನೇಕ. ವಿಷ ಸಿಂಪಡಿಸಿದರೆ ಗೂಡು ಒಡೆದು ನಾಲ್ಕಾರು ಗೂಡುಗಳಾಗುತ್ತವೆ.

ಆದ್ದರಿಂದ ಮೊದಲು ಗುರುತು ಹಿಡಿಯಬೇಕು. ಮಾಡಿನ ಮೇಲಿಂದ ಕೆಂಪು ಚಗಳಿ ಇಳಿದರೆ, ಹೆಂಚಿಗೆ ತಾಗಿದ ಕೊಂಬೆ ಕಡಿದರೆ ಸಾಕು. ಗೂಡು ಮರದ ಎಲೆಗಳಲ್ಲಿರುತ್ತದೆ. ದೊಡ್ಡ ಕಪ್ಪು ಗೊದ್ದದ ಗೂಡು ಸಾಮಾನ್ಯವಾಗಿ ಅಂಗಳದ ಮಣ್ಣಿನಲ್ಲಿ; ಒಳಗೆ ಬರುವ ಬಿರುಕನ್ನು ಮುಚ್ಚಿ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳುವನ್ನು ಹತ್ತಿರದಿಂದ ನೋಡಿ: ಸೊಂಟ ಸಣ್ಣಗಿದ್ದು ಮುಂದಿನ ರೆಕ್ಕೆ ಉದ್ದವಾಗಿದ್ದರೆ ಇರುವೆ, ಸೊಂಟವೇ ಇಲ್ಲದೆ ನಾಲ್ಕೂ ರೆಕ್ಕೆ ಸಮನಾಗಿದ್ದರೆ ಗೆದ್ದಲು. ಗೆದ್ದಲು ಮನೆಯೊಳಗಿಂದಲೇ ಎದ್ದಿದ್ದರೆ ತೊಲೆ, ಬಾಗಿಲುಗಳನ್ನು ಕೂಡಲೇ ಪರೀಕ್ಷಿಸಿ.

ಸಣ್ಣ ಹಳದಿ ಇರುವೆಗೆ ನಾನು ಮಾಡಿದ್ದು ಇಷ್ಟು. ಒಂದು ಲೋಟ (200 ಮಿ.ಲೀ.) ನೀರಿಗೆ ನಾಲ್ಕು ಚಹಾ ಚಮಚ ಸಕ್ಕರೆ, ಸುಮಾರು 2 ಗ್ರಾಂ (ಅರ್ಧ ಚಹಾ ಚಮಚ) ಬೋರಿಕ್ ಪುಡಿ ಕರಗಿಸಿ, ಹತ್ತಿಯಲ್ಲಿ ಅದ್ದಿ ಸಾಲಿನ ಪಕ್ಕದಲ್ಲಿಟ್ಟೆ. ಪುಡಿ ಹೆಚ್ಚಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ. ಮಿತವಾಗಿದ್ದರೆ ಗೂಡಿಗೆ ಒಯ್ದು ರಾಣಿಗೂ ಉಣಿಸುತ್ತದೆ. ಕೆಲವು ವಾರ ತಾಳ್ಮೆ ಬೇಕು. ಆ ಅವಧಿಯಲ್ಲಿ ಸಾಲನ್ನು ಹೊಸಕಬೇಡಿ. ಇದೂ ವಿಷವೇ ಆದ್ದರಿಂದ ಮಕ್ಕಳ, ಸಾಕುಪ್ರಾಣಿಗಳ ಕೈಗೆ ಸಿಗದಂತೆ ಇಡಿ.

ತಡೆಯುವುದು ಇನ್ನೂ ಸುಲಭ. ಬೆಲ್ಲ, ಜೇನುತುಪ್ಪಕ್ಕೆ ಬಿಗಿ ಮುಚ್ಚಳವಿರಲಿ. ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು, ಸೊಳ್ಳೆ ಮರಿಯಾಗದಂತೆ ವಾರಕ್ಕೊಮ್ಮೆಯಾದರೂ ನೀರು ಬದಲಿಸಿ. ಇರುವೆ ಹೋದ ಮೇಲೆ ಅದರ ಜಾಡನ್ನು ಸಾಬೂನು ನೀರಿನಿಂದ ಒರೆಸಿ.

ಕಡೆಯದಾಗಿ ಒಂದು ವಿನಂತಿ. ಬಿ.ಎಚ್.ಸಿ. ಪುಡಿ 1997ರಲ್ಲೇ ನಿಷೇಧವಾಗಿದೆ. ಹಳೆಯ ಡಬ್ಬ ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಬಳಸಬೇಡಿ, ಹಳ್ಳಕ್ಕೂ ಸುರಿಯಬೇಡಿ. ಕೃಷಿ ಇಲಾಖೆಯವರನ್ನು ಕೇಳಿ. ತೋಟದ ಔಷಧಿ ತೋಟದಲ್ಲೇ ಇರಲಿ, ಅಡಿಗೆಮನೆಯ ಹೊಸ್ತಿಲು ದಾಟದಿರಲಿ.

— ಕಾರ್ಯದರ್ಶಿ