ಅಂಗೈಯ ಜಗಲಿ

ನಮ್ಮ ಹಳೆಯ ಮನೆಗಳನ್ನು ಕಟ್ಟಿದವರು ಮನುಷ್ಯನ ಸಂಕೋಚವನ್ನು ಚೆನ್ನಾಗಿ ಬಲ್ಲವರು. ದಾರಿಹೋಕನಿಗೆ ಜಗಲಿ, ನಂಟರಿಗೆ ನಡುಮನೆ, ಮನದ ಮಾತಿಗೆ ಅಡುಗೆಮನೆ. ಯಾವ ಮಾತನ್ನು ಎಲ್ಲಿ ಆಡಬೇಕೆಂಬುದನ್ನು ಹೊಸ್ತಿಲೇ ಹೇಳುತ್ತಿತ್ತು.

ಹೊಸೂರು ರಸ್ತೆಯ ಚಂದಾಪುರದಲ್ಲಿ ಇಂದು ಅಂಥ ಜಗಲಿಗಳು ವಿರಳ. ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆಗಳಿಗೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೂ ದುಡಿಯಬಂದು ಬಾಡಿಗೆಯ ಕೋಣೆಗಳಲ್ಲಿ ನೆಲಸಿದವರಿಗೆ ಊರು, ನಂಟರು, ಗೆಳತಿಯರು ಎಲ್ಲವೂ ಅಂಗೈಯ ಮೊಬೈಲಿನಲ್ಲಿಯೇ. ಆದರೆ ಅಲ್ಲಿ ಹೊಸ್ತಿಲೆಲ್ಲಿ? ತನ್ನದೊಂದು ಚಿತ್ರವನ್ನು ಹಾಕುವ ಹೆಣ್ಣುಮಗಳಿಗೆ ಅದು ಯಾರ ಕೈ ಸೇರೀತೋ ಎಂಬ ಅಂಜಿಕೆ.

ಈ ಅಂಜಿಕೆ ಕಲ್ಪಿತವಲ್ಲ. ನಮ್ಮ ಅನೇಕ ಮಹಿಳೆಯರು ಇದೇ ಕಾರಣದಿಂದ ಮುಖ ತೋರಲು ಹಿಂಜರಿಯುವುದನ್ನು ಕಂಡ ಫೇಸ್‌ಬುಕ್, 2017ರ ಜೂನ್‌ನಲ್ಲಿ ಭಾವಚಿತ್ರಕ್ಕೊಂದು ಕಾವಲನ್ನು ಭಾರತದಲ್ಲಿ ಒದಗಿಸಿತು. ಆ ಕಾವಲು ತೊಟ್ಟ ಚಿತ್ರವನ್ನು ಅನ್ಯರು ಇಳಿಸಿಕೊಳ್ಳುವಂತಿರಲಿಲ್ಲ. ಸುತ್ತ ನೀಲಿಯ ಅಂಚು, ಕೆಳಗೊಂದು ಗುರಾಣಿ. ತನ್ನನ್ನು ಗುಂಪಿಗೆ ಸೇರಿಸುವ ಅಧಿಕಾರ ಯಾರಿಗಿರಬೇಕೆಂಬುದನ್ನು ಬಳಸುವವರೇ ನಿರ್ಧರಿಸಲು ವಾಟ್ಸಾಪ್ 2019ರಲ್ಲಿ ಅವಕಾಶವಿತ್ತಿತು. 2022ರಲ್ಲಿ, ಗುಂಪಿನ ಮುಖ್ಯಸ್ಥರ ಹೊರತು ಉಳಿದವರಿಗೆ ತಿಳಿಯದಂತೆ ಹೊರನಡೆಯುವ ದಾರಿಯನ್ನೂ ತೆರೆಯಿತು.

ಭಾಷೆಯೂ ಒಂದು ಹೊಸ್ತಿಲೇ. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕೂ’ ಮೊದಲ ಮಣೆಯನ್ನು ಕನ್ನಡಕ್ಕೇ ಹಾಕಿತು. ಇಂಗ್ಲಿಷಿನ ನಡುವೆ ಬಾಯಿಕಟ್ಟಿ ಕುಳಿತವರಿಗೆ ಅಲ್ಲಿ ಮಾತಾಡುವ ಧೈರ್ಯ ಬಂದಿತು. 2024ರ ಜುಲೈಯಲ್ಲಿ ಅದು ಮುಚ್ಚಿತು. ಮಣೆಯ ಮೇಲೆ ಕುಳಿತವರು ಎದ್ದುಹೋಗಬೇಕಾಯಿತು. ಧೈರ್ಯ ತುಂಬಿದರಷ್ಟೇ ಸಾಲದು, ಮನೆಯೂ ನಿಲ್ಲಬೇಕು.

ತಂತ್ರಾಂಶ ಹೆಣೆಯುವವರೂ ನಿತ್ಯ ಇದೇ ಹೊಸೂರು ರಸ್ತೆಯಲ್ಲಿ ಸಂಚರಿಸುತ್ತಾರೆ. ಚಂದಾಪುರದ ಕೋಣೆಯಲ್ಲಿ ಚಿತ್ರ ಹಾಕಲೋ ಬೇಡವೋ ಎಂದು ಬೆರಳು ತಡೆದವಳನ್ನು ಅವರು ನೆನೆಯಲಿ. ಅವಳ ಸಂಕೋಚ ದೌರ್ಬಲ್ಯವಲ್ಲ, ವಿವೇಕ. ಬಾಗಿಲಿಗೆ ಅಗುಳಿ ಒಳಗಡೆಯಿದ್ದರೆ, ತೆರೆಯಲು ಅವಳಿಗೆ ಯಾರೂ ಹೇಳಬೇಕಾಗಿಲ್ಲ.